ಪ್ರೇರಿ ಬಯಲಿಗೆ ತೋಟಾ ಆರಿಸುವ ಬಗೆ: ಮೊದಲು ಗುಂಡು, ಆಮೇಲೆ ಉಳಿದದ್ದು

ಅಮೆರಿಕದ ಸೌತ್ ಡಕೋಟಾ, ವಯೋಮಿಂಗ್, ಮೊಂಟಾನಾ, ನೆಬ್ರಾಸ್ಕಾ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ದನ ಸಾಕುವವರಿಗೆ ಕಪ್ಪು ಬಾಲದ ಪ್ರೇರಿ ಡಾಗ್ ಬಹುಕಾಲದ ತಲೆನೋವು. ಅಳಿಲಿನ ಕುಟುಂಬಕ್ಕೆ ಸೇರಿದ, ಹೆಚ್ಚುಕಡಿಮೆ ಒಂದು ಕಿಲೋ ತೂಗುವ ಈ ಪ್ರಾಣಿ ಗುಂಪುಗುಂಪಾಗಿ ಬಿಲ ತೋಡಿ, ಸುತ್ತಲಿನ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಹಾಕುತ್ತದೆ. ಆದ್ದರಿಂದಲೇ ಅನೇಕ ಜಮೀನುದಾರರು ಬೇಸಿಗೆಯಲ್ಲಿ ಪರವಾನಗಿ ಇರುವ ರೈಫಲ್‌ಗಾರರನ್ನು ತಮ್ಮ ಜಮೀನಿಗೆ ಬಿಟ್ಟುಕೊಳ್ಳುತ್ತಾರೆ. ಇಂಥ ಉಪದ್ರವಿ ಪ್ರಾಣಿಗಳ ನಿಯಂತ್ರಣಕ್ಕೆ ನಡೆಸುವ ಗುರಿಕಾರಿಕೆಯನ್ನು ಅಲ್ಲಿ ವಾರ್ಮಿಂಟ್ ಶೂಟಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಕಾಲಿಡುತ್ತಿರುವ ಕನ್ನಡಿಗರಿಗೆ ಯಾವ ತೋಟಾ ಕೊಳ್ಳಬೇಕು, ಮನೆಯಲ್ಲೇ ತೋಟಾ ತುಂಬಿಕೊಳ್ಳುವುದಾದರೆ ಯಾವುದನ್ನು ನೋಡಿ ಆರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ತೋಟಾ ಎಂದರೆ ಹಿತ್ತಾಳೆಯ ಕೇಸ್, ಅದರೊಳಗಿನ ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪ್ರೈಮರ್, ಬಾಯಲ್ಲಿ ಕೂರಿಸಿದ ಗುಂಡು ಇವೆಲ್ಲ ಸೇರಿದ್ದು; ಗುಂಡು ಎಂದರೆ ನಳಿಕೆಯಿಂದ ಹಾರಿಹೋಗುವ ಭಾಗ ಮಾತ್ರ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯವು ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲವಾದರೂ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮಗಳಿರುವುದರಿಂದ, ಹೊರಡುವ ಮುನ್ನ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮಾವಳಿಯನ್ನು ಓದಲೇಬೇಕು. ಊರಿನಲ್ಲಿರುವ ಓದುಗರು ಇದನ್ನು ತಮ್ಮಲ್ಲಿಗೆ ಅನ್ವಯಿಸಿಕೊಳ್ಳಬಾರದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೋವಿಗೆ ಪರವಾನಗಿ ವಿನಾಯಿತಿ ಪಡೆದಿರುವ ಕೊಡಗಿನ ಮನೆತನಗಳಿಗೂ ಆ ವಿನಾಯಿತಿ ಬೇಟೆಯ ಅನುಮತಿಯಾಗುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಹೊಸಬರು ಅಂಗಡಿಗೆ ಹೋದಾಗ ಮೊದಲು ತೋಟಾದ ಹೆಸರು, ಆಮೇಲೆ ರೈಫಲ್, ಕೊನೆಗೆ ಸಿಕ್ಕಿದ ಗುಂಡು ಎಂಬ ಕ್ರಮದಲ್ಲಿ ಆರಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟು ದೂರದಲ್ಲಿ, ಎಂಥ ಗಾಳಿಯಲ್ಲಿ, ದಿನಕ್ಕೆ ಎಷ್ಟು ಈಡು ಹೊಡೆಯಬೇಕಾಗುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಂಡು, ಆ ಕೆಲಸಕ್ಕೆ ತಕ್ಕ ಗುಂಡನ್ನು ಆರಿಸಿ, ಆ ಗುಂಡನ್ನು ಸ್ಥಿರವಾಗಿ ತಿರುಗಿಸಬಲ್ಲ ನಳಿಕೆಯನ್ನು ಹುಡುಕಿ, ಅದನ್ನು ಬೇಕಾದ ವೇಗದಲ್ಲಿ ದೂಡಬಲ್ಲ ತೋಟಾವನ್ನು ಕೊನೆಯಲ್ಲಿ ಗೊತ್ತುಮಾಡಿಕೊಂಡರೆ, ಹಣವೂ ಉಳಿಯುತ್ತದೆ, ಪ್ರಾಣಿಯೂ ನರಳದೆ ಸಾಯುತ್ತದೆ. ಗಾಯಗೊಂಡ ಪ್ರೇರಿ ಡಾಗ್ ತೆವಳಿಕೊಂಡು ಬಿಲ ಸೇರಿಬಿಡುತ್ತದೆ. ಅದನ್ನು ಮತ್ತೆ ಹುಡುಕಿ ನೋವು ನಿಲ್ಲಿಸಲು ಆಗುವುದಿಲ್ಲ. ಆದ್ದರಿಂದ ಈ ಆಯ್ಕೆಯಲ್ಲಿ ಸೋಮಾರಿತನ ಸಲ್ಲದು.

ವಾರ್ಮಿಂಟ್ ಗುಂಡಿನ ಗುಣ ದೊಡ್ಡ ಬೇಟೆಯ ಗುಂಡಿನ ಗುಣಕ್ಕೆ ತೀರ ವಿರುದ್ಧ. ಜಿಂಕೆಗೆ ಬಳಸುವ ಗುಂಡು ಒಡೆಯದೆ ಆಳಕ್ಕೆ ಇಳಿಯಬೇಕು. ಇಲ್ಲಿ ಮಾತ್ರ ತಾಮ್ರದ ಹೊದಿಕೆ ತೆಳ್ಳಗಿದ್ದು, ಒಳಗಿನ ಸೀಸ ಮೆತ್ತಗಿದ್ದು, ತಾಗಿದ ಕ್ಷಣದಲ್ಲೇ ಗುಂಡು ಪುಡಿಯಾಗಬೇಕು. ಇದರಿಂದ ಎರಡು ಪ್ರಯೋಜನಗಳಿವೆ. ಸಣ್ಣ ದೇಹದಲ್ಲಿ ಶಕ್ತಿಯೆಲ್ಲ ಒಮ್ಮೆಗೇ ಇಳಿದು ಸಾವು ತಕ್ಷಣ ಬರುತ್ತದೆ. ಗುರಿ ತಪ್ಪಿ ನೆಲಕ್ಕೆ ಬಡಿದ ಗುಂಡು ಪುಟಿದು ದೂರದ ದನಕ್ಕೋ ಮನೆಗೋ ಹಾರುವ ಸಂಭವ ಬಹಳ ಕಡಿಮೆಯಾಗುತ್ತದೆ. ಪೂರ್ತಿ ತಾಮ್ರ ಹೊದಿಸಿದ ಮಿಲಿಟರಿ ಮಾದರಿಯ ಅಗ್ಗದ ಗುಂಡು ಈ ಎರಡೂ ಕಾರಣಗಳಿಂದ ಇಲ್ಲಿ ನಿಷಿದ್ಧವೆಂದೇ ಭಾವಿಸಬೇಕು. ಹಾರ್ನಡಿಯ ವಿ-ಮ್ಯಾಕ್ಸ್, ಸಿಯೆರಾದ ಬ್ಲಿಟ್ಜ್‌ಕಿಂಗ್, ನೋಸ್ಲರ್‌ನ ವಾರ್ಮಿಂಟ್ ಬ್ಯಾಲಿಸ್ಟಿಕ್ ಟಿಪ್ ಎಂಬ ಮೂರೂ ಪ್ಲಾಸ್ಟಿಕ್ ತುದಿಯ ಗುಂಡುಗಳು. ಸ್ಪಿಯರ್ ಕಂಪನಿಯ ಟಿಎನ್‌ಟಿ ಟೊಳ್ಳು ಮೂತಿಯದು. ಇವುಗಳಲ್ಲಿ ಯಾವುದು ನಿಮ್ಮ ನಳಿಕೆಗೆ ಒಗ್ಗುತ್ತದೆ ಎಂಬುದನ್ನು ಕಾಗದದ ಮೇಲೆ ಹೊಡೆದು ನೋಡಿಯೇ ತಿಳಿಯಬೇಕು. ಗುಣದಲ್ಲಿ ಅವುಗಳ ನಡುವೆ ದೊಡ್ಡ ಅಂತರವಿಲ್ಲ.

ನಳಿಕೆಯ ಟ್ವಿಸ್ಟ್ ಎಂಬುದು ಇಲ್ಲಿ ಹೆಚ್ಚು ಗಮನ ಕೊಡಬೇಕಾದ ಅಂಶ. ನಳಿಕೆಯ ಒಳಗೋಡೆಯ ಸುರುಳಿ ಗೆರೆಗಳು ಎಷ್ಟು ಇಂಚಿಗೆ ಒಂದು ಪೂರ್ಣ ಸುತ್ತು ಹಾಕುತ್ತವೆ ಎಂಬುದೇ ಟ್ವಿಸ್ಟ್. ಗುಂಡು ಉದ್ದವಾದಷ್ಟೂ ಅದನ್ನು ಸ್ಥಿರವಾಗಿಡಲು ಬಿಗಿಯಾದ ಸುರುಳಿ ಬೇಕು. .22-250 ರೆಮಿಂಗ್ಟನ್ ಎಂಬ ತೋಟಾದ ರೈಫಲ್‌ಗಳಲ್ಲಿ ಸಾಂಪ್ರದಾಯಿಕವಾಗಿ ಬಂದಿರುವುದು 14 ಇಂಚಿಗೆ ಒಂದು ಸುತ್ತಿನ ನಳಿಕೆ. ಅದಕ್ಕೆ 40ರಿಂದ 55 ಗ್ರೇನ್ (ಸುಮಾರು 15 ಗ್ರೇನ್‌ಗೆ ಒಂದು ಗ್ರಾಂ) ತೂಕದ ಗುಂಡುಗಳೇ ಸರಿ. .223 ರೆಮಿಂಗ್ಟನ್‌ನಲ್ಲಾದರೆ 12 ಇಂಚಿನಿಂದ 7 ಇಂಚಿನವರೆಗೆ ಎಲ್ಲ ಬಗೆಯ ನಳಿಕೆಗಳೂ ಸಿಗುತ್ತವೆ. ವಾರ್ಮಿಂಟ್ ಕೆಲಸಕ್ಕೆ 12, 9 ಅಥವಾ 8 ಇಂಚಿನದು ಅನುಕೂಲ.

ಬಿಗಿ ಸುರುಳಿಯಿದ್ದರೆ ಎಲ್ಲಕ್ಕೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನ ಇಂಚಿನಿಂದ ಭಾಗಿಸಿದರೆ ಗುಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು ಸಿಗುತ್ತದೆ. 3,200 ಅಡಿ ವೇಗದ ಗುಂಡು 12 ಇಂಚಿನ ನಳಿಕೆಯಿಂದ ಹೊರಬಿದ್ದರೆ 1,92,000 ಸುತ್ತು. ಅದೇ ಗುಂಡು 7 ಇಂಚಿನ ನಳಿಕೆಯಿಂದಾದರೆ ಸುಮಾರು 3,29,000 ಸುತ್ತು. ತೆಳು ಹೊದಿಕೆಯ ಗುಂಡುಗಳಲ್ಲಿ ಕೆಲವು ಈ ಎಳೆತವನ್ನು ತಾಳಲಾರವು. ಹಾಗಾದಾಗ ರೈಫಲ್ ಸದ್ದು ಮಾಡುತ್ತದೆ, ಭುಜಕ್ಕೆ ಒದೆ ಬರುತ್ತದೆ, ದೂರದರ್ಶಕದಲ್ಲಿ ಗುರಿಯ ಕಾಗದ ಮಾತ್ರ ಖಾಲಿಯಾಗಿ ಕಾಣುತ್ತದೆ. ಸರಿಯಾದ ಬೆಳಕಿದ್ದರೆ ಅರ್ಧ ದಾರಿಯಲ್ಲಿ ಬೂದು ಹೊಗೆಯ ಒಂದು ಎಳೆ ಕಂಡು ಮಾಯವಾಗುತ್ತದೆ. ಗುಂಡು ಗಾಳಿಯಲ್ಲೇ ಪುಡಿಯಾಗಿರುತ್ತದೆ. ಹಾರ್ನಡಿಯ ಎಸ್‌ಎಕ್ಸ್ ಗುಂಡುಗಳು ಸೆಕೆಂಡಿಗೆ 3,500 ಅಡಿಗಿಂತ ಕಡಿಮೆ ವೇಗಕ್ಕೆಂದು ತಯಾರಾದವು; ಅವನ್ನು .22-250ರಲ್ಲಿ ಪೂರ್ತಿ ವೇಗಕ್ಕೆ ತುಂಬುವುದು ತಪ್ಪು. ಡಬ್ಬಿಯ ಮೇಲೆ ವೇಗದ ಮಿತಿಯೋ ಟ್ವಿಸ್ಟ್‌ನ ಸೂಚನೆಯೋ ಮುದ್ರಿತವಾಗಿದ್ದರೆ ಅದನ್ನು ಮೀರಬೇಡಿ.

ಇನ್ನು ಗಾಳಿ. ಬಯಲಿನಲ್ಲಿ ಗುರಿ ತಪ್ಪಿಸುವ ಮೊದಲ ಕಾರಣ ಅದೇ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಗುಂಡು ಹಾರುವ ಒಟ್ಟು ಸಮಯದಿಂದ ನಿರ್ಧಾರವಾಗುವುದಿಲ್ಲ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಹಿಡಿಯುತ್ತಿದ್ದ ಸಮಯಕ್ಕಿಂತ ಎಷ್ಟು ತಡವಾಯಿತು ಎಂಬ ವ್ಯತ್ಯಾಸದಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಬರಿಯ ವೇಗ ಹೆಚ್ಚಿಸಿದರೆ ಸಿಗುವ ಲಾಭ ಜನ ಅಂದುಕೊಂಡಷ್ಟಿಲ್ಲ. 55 ಗ್ರೇನ್ ವಿ-ಮ್ಯಾಕ್ಸ್ ಗುಂಡನ್ನು .223ರಿಂದ 3,240 ಅಡಿ ವೇಗದಲ್ಲಿ ಬಿಟ್ಟರೆ, ಗಂಟೆಗೆ 10 ಮೈಲಿಯ ಅಡ್ಡಗಾಳಿ ಅದನ್ನು 300 ಗಜದಲ್ಲಿ ಸುಮಾರು 10ರಿಂದ 11 ಇಂಚು ಪಕ್ಕಕ್ಕೆ ತಳ್ಳುತ್ತದೆ. ಅದೇ ಗುಂಡನ್ನು .22-250ರಿಂದ 3,680 ಅಡಿ ವೇಗದಲ್ಲಿ ಬಿಟ್ಟರೆ ಸುಮಾರು 9 ಇಂಚು. .204 ರೂಗರ್‌ನ 40 ಗ್ರೇನ್ ಗುಂಡು 3,900 ಅಡಿ ವೇಗದಲ್ಲಿ ಸುಮಾರು 8 ಇಂಚು. ನೆಟ್ಟಗೆ ನಿಂತ ಪ್ರೇರಿ ಡಾಗ್‌ನ ಅಗಲ ಮೂರು ನಾಲ್ಕು ಇಂಚು ಮಾತ್ರ. ಹೀಗಿರುವಾಗ ಗಾಳಿಯನ್ನು ಅಂದಾಜು ಮಾಡಲು ಬಾರದವನನ್ನು ಈ ಮೂರರಲ್ಲಿ ಯಾವ ತೋಟಾವೂ ಕಾಪಾಡದು. ಅಂದಾಜು ಮಾಡಬಲ್ಲವನಿಗೆ ಮೂರೂ ಸಾಕಾಗುತ್ತವೆ.

ಅಂದಾಜನ್ನು ಕಲಿಸುವುದು ತಪ್ಪಿದ ಈಡು. ಒಣಗಿದ ಬಯಲಿನಲ್ಲಿ ಗುಂಡು ಬಿದ್ದಲ್ಲಿ ಧೂಳೇಳುತ್ತದೆ. ಆ ಧೂಳು ಬಿಲದ ದಿಬ್ಬದ ಎಡಕ್ಕೆ ಎದ್ದಿತೋ ಬಲಕ್ಕೋ, ಎದ್ದ ಮೇಲೆ ಯಾವ ಕಡೆಗೆ ತೇಲಿತು ಎಂಬುದನ್ನು ಸ್ವತಃ ದೂರದರ್ಶಕದಲ್ಲಿ ಕಂಡವನು ಮುಂದಿನ ಈಡನ್ನು ತಿದ್ದಿಕೊಳ್ಳುತ್ತಾನೆ. ಇದಕ್ಕೆ ರೈಫಲ್ ಒದೆಯಬಾರದು. .223 ತೋಟಾವನ್ನು ಭಾರದ ನಳಿಕೆಯ ರೈಫಲ್‌ನಲ್ಲಿ ಹೊಡೆದರೆ ಗುಂಡು ತಾಗುವುದನ್ನು ಹೆಚ್ಚುಕಡಿಮೆ ಪ್ರತಿ ಸಲವೂ ಕಾಣಬಹುದು, .204ರಲ್ಲಿ ಅದಕ್ಕಿಂತಲೂ ಚೆನ್ನಾಗಿ ಕಾಣಬಹುದು. .243 ವಿಂಚೆಸ್ಟರ್‌ನ ಒದೆ .223ರ ಎರಡು ಪಟ್ಟಿಗೂ ಹೆಚ್ಚಿರುವುದರಿಂದ ಗುರಿ ಕಣ್ಣಿನಿಂದ ಹಾರಿಹೋಗುತ್ತದೆ, ಪಕ್ಕದಲ್ಲಿ ಕುಳಿತವರು ಹೇಳಿದ್ದನ್ನು ನಂಬಬೇಕಾಗುತ್ತದೆ.

ಮೂರನೆಯದು ಈಡುಗಳ ಸಂಖ್ಯೆ. ದೊಡ್ಡ ಕಾಲನಿಯೊಂದರಲ್ಲಿ ದಿನಕ್ಕೆ ನೂರಾರು ಈಡು ಹಾರಿಸುವವರಿದ್ದಾರೆ. ನಳಿಕೆಯನ್ನು ಸವೆಸುವುದು ಕೇಸಿನಲ್ಲಿ ಉರಿಯುವ ಮದ್ದಿನ ಪ್ರಮಾಣ ಮತ್ತು ಅದರ ಬಿಸಿ. ಒಂದೇ .22 ಅಳತೆಯ ರಂಧ್ರದ ಮೂಲಕ .22-250 ಉರಿಸುವ ಮದ್ದು .223ಗಿಂತ ಗಣನೀಯವಾಗಿ ಹೆಚ್ಚು. ಹಾಗಾಗಿ ಅದರ ನಳಿಕೆಯಲ್ಲಿ ತೋಟಾ ಕೂರುವ ಗೂಡಿನ ಮುಂದಿನ ಭಾಗ ಬೇಗ ಬಿರುಕುಬಿಟ್ಟು ಸವೆಯುತ್ತದೆ. 1935ರಲ್ಲಿ 48 ಗ್ರೇನ್ ಗುಂಡಿಗೆ 4,110 ಅಡಿ ವೇಗವೆಂದು ಹೆಸರು ಮಾಡಿದ .220 ಸ್ವಿಫ್ಟ್ ನಳಿಕೆ ತಿನ್ನುವ ತೋಟಾ ಎಂಬ ಅಪಖ್ಯಾತಿಯನ್ನೂ ಅಂದೇ ಗಳಿಸಿತು. ನಳಿಕೆಯನ್ನು ಬೆರಳಲ್ಲಿ ಕೆಲವು ಸೆಕೆಂಡು ಹಿಡಿಯಲಾಗದಷ್ಟು ಕಾಯಿಸಬೇಡಿ. ಸಾಧ್ಯವಿದ್ದರೆ ಎರಡು ರೈಫಲ್‌ಗಳನ್ನು ಸರದಿಯಲ್ಲಿ ಬಳಸಿ.

ಈ ಮೂರು ಅಂಶಗಳನ್ನು ಒಟ್ಟಿಗಿಟ್ಟು ನೋಡಿದಾಗ ಮೊದಲ ರೈಫಲ್‌ಗೆ ನನ್ನ ಆಯ್ಕೆ ನಿಸ್ಸಂಶಯವಾಗಿ .223 ರೆಮಿಂಗ್ಟನ್. ಅದರ ಕೇಸ್, ಗುಂಡು, ಕಾರ್ಖಾನೆಯ ತೋಟಾ ಎಲ್ಲವೂ ಎಲ್ಲೆಡೆ ಸಿಗುತ್ತವೆ, ಬೆಲೆಯೂ ಕಡಿಮೆ. 300 ಗಜದವರೆಗೆ ಅದು ನಿರಾಯಾಸವಾಗಿ ಕೆಲಸ ಮಾಡುತ್ತದೆ. 200 ಗಜದಲ್ಲಿ ಸರಿಯಾಗಿ ತಾಗುವಂತೆ ದೂರದರ್ಶಕವನ್ನು ಹೊಂದಿಸಿದ್ದರೆ 55 ಗ್ರೇನ್ ಗುಂಡು 300ರಲ್ಲಿ ಸುಮಾರು 7 ಇಂಚು ಕೆಳಗಿಳಿದಿರುತ್ತದೆ. 300ರಿಂದ 400 ಗಜದ ಈಡುಗಳೇ ಹೆಚ್ಚಾಗಿರುವ ಜಾಗಕ್ಕೆ .22-250 ಅಥವಾ .204 ಎರಡನೆಯ ರೈಫಲ್ ಆಗಲಿ. 1950ರ .222 ರೆಮಿಂಗ್ಟನ್ ಇಂದಿಗೂ ಅತ್ಯಂತ ನಿಖರವಾದ, ಮೃದುವಾದ ತೋಟಾ. ಹಳೆಯ ರೈಫಲ್ ಸಿಕ್ಕಿದರೆ ಬಿಡಬೇಡಿ, ಹೊಸದಾಗಿ ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. 1930ರ .22 ಹಾರ್ನೆಟ್ ಮನೆಗಳು ಹತ್ತಿರವಿರುವ ಕಡೆ, 150ರಿಂದ 200 ಗಜದೊಳಗಿನ ಕೆಲಸಕ್ಕೆ, ಸದ್ದು ಕಡಿಮೆಯೆಂಬ ಕಾರಣಕ್ಕೆ ಯೋಗ್ಯ. 2002ರಲ್ಲಿ ಬಂದ .17 ಎಚ್‌ಎಂಆರ್ 150 ಗಜದೊಳಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ರಿಮ್‌ಫೈರ್, ಅಂದರೆ ಬೇರೆ ಪ್ರೈಮರ್ ಇಲ್ಲದೆ ಕೇಸಿನ ಅಂಚಿನಲ್ಲೇ ಕಿಡಿ ಹೊತ್ತುವ ಬಗೆ, ಆದ್ದರಿಂದ ಮತ್ತೆ ತುಂಬಲು ಬರುವುದಿಲ್ಲ. ಕಯೋಟಿಯಂಥ ದೊಡ್ಡ ಪ್ರಾಣಿಗೂ ಅದೇ ರೈಫಲ್ ಬೇಕೆನ್ನುವವರು, ವಿಪರೀತ ಗಾಳಿಯಲ್ಲಿ ದೂರದ ಈಡು ಹೊಡೆಯುವವರು .243ರ ಕಡೆ ನೋಡಲಿ.

ಮನೆಯಲ್ಲಿ ತೋಟಾ ತುಂಬುವವರು ಮೊದಲಿಗೆ ಕೊಳ್ಳಬೇಕಾದದ್ದು ಗುಂಡಿನ ಕಂಪನಿಯ ಇತ್ತೀಚಿನ ಮುದ್ರಿತ ಕೈಪಿಡಿ. ಹಾರ್ನಡಿ, ಸಿಯೆರಾ, ನೋಸ್ಲರ್, ಲೈಮನ್ ಇವೆಲ್ಲ ಇಂಥ ಕೈಪಿಡಿಗಳನ್ನು ಪ್ರಕಟಿಸುತ್ತವೆ. ಮದ್ದಿನ ಕಂಪನಿಯಾದ ಹಾಜ್‌ಡನ್ ತನ್ನ ಅಂಕಿಗಳನ್ನು ಅಂತರ್ಜಾಲದಲ್ಲೇ ಕೊಡುತ್ತದೆ. ಮದ್ದಿನ ತೂಕದ ಅಂಕಿಯನ್ನು ನಾನು ಇಲ್ಲಿ ಬೇಕೆಂದೇ ಬರೆದಿಲ್ಲ. ಆ ಅಂಕಿ ನಿರ್ದಿಷ್ಟ ಗುಂಡು, ಕೇಸ್, ಪ್ರೈಮರ್, ನಳಿಕೆಗಳ ಜೊತೆ ಪರೀಕ್ಷಿಸಿದ್ದಾಗಿರುತ್ತದೆ. ಅದನ್ನು ಅದರ ಪುಟದಿಂದ ಕಿತ್ತು ಬಾಯಿಂದ ಬಾಯಿಗೆ ಸಾಗಿಸುವುದು ಅಪಾಯ. ಸ್ನೇಹಿತರ ಚೀಟಿಯಲ್ಲಿರುವ ಅಂಕಿಯನ್ನೂ ಇದೇ ಕಾರಣಕ್ಕೆ ನಂಬಬಾರದು. ಕೈಪಿಡಿಯಲ್ಲಿ ಕೊಟ್ಟ ಆರಂಭದ ತೂಕದಿಂದಲೇ ಶುರುಮಾಡಿ, ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಹಂತದಲ್ಲೂ ಹೊಡೆದ ಕೇಸುಗಳನ್ನು ನೋಡಬೇಕು.

ಮದ್ದನ್ನು ಆರಿಸುವಾಗ ವೇಗದ ಪಟ್ಟಿಯ ತುದಿಯಲ್ಲಿರುವುದನ್ನು ಹುಡುಕದೆ ಮೂರು ಗುಣಗಳನ್ನು ನೋಡಿ. ಮೊದಲನೆಯದು ಅದು ಕೇಸನ್ನು ಬಹುಪಾಲು ತುಂಬಬೇಕು. ಹಾಗಿದ್ದರೆ ಕೈತಪ್ಪಿ ಎರಡು ಸಲ ಸುರಿದಾಗ ಉಕ್ಕಿ ಚೆಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಎರಡನೆಯದು ಅಳತೆಯ ಯಂತ್ರದಿಂದ ಸರಾಗವಾಗಿ ಬೀಳಬೇಕು, ಏಕೆಂದರೆ ನೂರಾರು ತೋಟಾಗಳಿಗೆ ಒಂದೊಂದನ್ನೇ ತೂಗಿ ಸುರಿಯಲಾಗದು. ಎಚ್335, ಬಿಎಲ್-ಸಿ(2)ಯಂಥ ದುಂಡುಕಣದ ಮದ್ದುಗಳು ರಾಗಿಯ ಹಾಗೆ ಹರಿದು ಬೀಳುತ್ತವೆ. ಐಎಂಆರ್ 4064ರಂಥ ಉದ್ದ ಕಡ್ಡಿಯ ಮದ್ದು ಕೊಳವೆಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಒಂದು ಕೇಸಿಗೆ ಕಡಿಮೆ, ಮುಂದಿನದಕ್ಕೆ ಹೆಚ್ಚು ಬೀಳಿಸಬಹುದು. ಮೂರನೆಯದು ಬಿಸಿಲು. ದುಂಡುಕಣದ ಮದ್ದುಗಳಲ್ಲಿ ಹೆಚ್ಚಿನವು ತಾಪಮಾನಕ್ಕೆ ಬೇಗ ಸ್ಪಂದಿಸುತ್ತವೆ. ಏಪ್ರಿಲ್‌ನ ತಂಪಿನಲ್ಲಿ ಗರಿಷ್ಠಕ್ಕೆ ಏರಿಸಿದ ತೋಟಾ ಜುಲೈಯ ಬಯಲಿನ 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಒತ್ತಡದ ಮಿತಿಯನ್ನು ದಾಟಬಹುದು. ವಾರ್ಗೆಟ್, ಎಚ್4895, ಬೆಂಚ್‌ಮಾರ್ಕ್ ಇವು ಈ ವಿಷಯದಲ್ಲಿ ಸ್ಥಿರವಾದವು. ಬೆಂಚ್‌ಮಾರ್ಕ್‌ನ ಕಣ ಚಿಕ್ಕದಾದ್ದರಿಂದ ಅಳತೆಗೂ ಸುಲಭ. ಯಾವ ಮದ್ದಾದರೂ ಗರಿಷ್ಠಕ್ಕಿಂತ ಕೆಳಗೆ ನಿಲ್ಲುವುದು, ತೋಟಾ ಡಬ್ಬಿಯನ್ನು ನೆರಳಿನಲ್ಲಿಡುವುದು, ಕಾದ ನಳಿಕೆಯೊಳಗೆ ತೋಟಾ ಕೂರಿಸಿಟ್ಟು ಹರಟೆ ಹೊಡೆಯದಿರುವುದು ಇಷ್ಟನ್ನು ಪಾಲಿಸಲೇಬೇಕು.

ಒತ್ತಡ ಮಿತಿಮೀರಿದ್ದರ ಕುರುಹುಗಳನ್ನು ಓದಲು ಕಲಿಯಿರಿ. ಸಾಧಾರಣ ಒತ್ತಡದಲ್ಲಿ ಹೊಡೆದ ಕೇಸಿನ ಪ್ರೈಮರ್‌ನ ಅಂಚು ದುಂಡಗೇ ಉಳಿದಿರುತ್ತದೆ, ಅದರ ಮತ್ತು ಕೇಸಿನ ನಡುವೆ ಸಣ್ಣ ತೋಡೊಂದು ಉಗುರಿಗೆ ಸಿಗುತ್ತದೆ. ಒತ್ತಡ ಏರಿದಂತೆ ಆ ಅಂಚು ಚಪ್ಪಟೆಯಾಗಿ ತೋಡು ಮುಚ್ಚಿಹೋಗುತ್ತದೆ, ಪ್ರೈಮರ್‌ಗೆ ಬಂದೂಕಿನ ಸೂಜಿ ಬಡಿದ ಗುಳಿಯ ಸುತ್ತ ಲೋಹ ಏರಿ ಬರುತ್ತದೆ, ಕೇಸಿನ ಬುಡದ ಮೇಲೆ ಎಜೆಕ್ಟರ್‌ನ (ಖಾಲಿ ಕೇಸನ್ನು ಹೊರಗೆಸೆಯುವ ಭಾಗದ) ಹೊಳಪು ಗುರುತು ಮೂಡುತ್ತದೆ, ನಳಿಕೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎತ್ತಲು ಕೈಗೆ ಬಿಗಿಯೆನಿಸುತ್ತದೆ. ಬೋಲ್ಟ್ ಬಿಗಿಯಾಯಿತೆಂದರೆ ಅಲ್ಲಿಗೆ ನಿಲ್ಲಿಸಿ. ಉಳಿದ ತೋಟಾಗಳನ್ನು ಹೊಡೆದು ಖಾಲಿ ಮಾಡುವ ಯೋಚನೆ ಬೇಡ, ಮನೆಗೆ ತಂದು ಗುಂಡು ಕಿತ್ತು ಬಿಚ್ಚಿ. ಪ್ರೈಮರ್ ಚಪ್ಪಟೆಯಾಗಿಲ್ಲ ಎಂಬುದಷ್ಟೇ ಸುರಕ್ಷತೆಯ ಪ್ರಮಾಣವೂ ಅಲ್ಲ, ಕುರುಹು ಕಾಣುವ ಮೊದಲೇ ಮಿತಿ ದಾಟಿರುವುದುಂಟು. ಆದ್ದರಿಂದ ಕೈಪಿಡಿಯ ಗರಿಷ್ಠವೇ ಕೊನೆಯ ಗೆರೆ.

ಕೇಸುಗಳ ವಿಷಯದಲ್ಲಿ ಒಂದೇ ಕಂಪನಿಯ, ಒಂದೇ ಸಲ ಕೊಂಡ ಕೇಸುಗಳನ್ನು ಒಟ್ಟಿಗಿಡುವುದು ನಿಖರತೆಗೆ ಸಹಾಯಕ. .223ಕ್ಕೆ ಮಿಲಿಟರಿ 5.56 ಕೇಸುಗಳನ್ನು ಬಳಸುವುದಾದರೆ ಪ್ರೈಮರ್ ಗೂಡಿನ ಅಂಚಿನ ಕ್ರಿಂಪನ್ನು (ಪ್ರೈಮರ್ ಕಳಚದಂತೆ ಒಳಕ್ಕೆ ಒತ್ತಿದ ಲೋಹವನ್ನು) ತೆಗೆಯಬೇಕು. ಗೋಡೆ ದಪ್ಪವಾಗಿ ಒಳಜಾಗ ಕಡಿಮೆಯಿರುವ ಕೇಸಿನಲ್ಲಿ ಅದೇ ಮದ್ದು ಹೆಚ್ಚು ಒತ್ತಡ ಕೊಡುವುದರಿಂದ ಮತ್ತೆ ಆರಂಭದ ತೂಕಕ್ಕೆ ಇಳಿಯಬೇಕು. 5.56ರ ಕಾರ್ಖಾನೆ ತೋಟಾವನ್ನು .223 ಎಂದು ಮಾತ್ರ ಗುರುತಿಸಿದ ರೈಫಲ್‌ನಲ್ಲಿ ಹೊಡೆಯಬೇಡಿ. .223 ಕೇಸಿನ ಗರಿಷ್ಠ ಉದ್ದ 1.760 ಇಂಚು, ಕ್ಯಾಲಿಪರ್‌ನಲ್ಲಿ ಅದನ್ನು ಮೀರಿದ್ದನ್ನು 1.750ಕ್ಕೆ ಕತ್ತರಿಸಿ, ಇಲ್ಲವಾದರೆ ಕೇಸಿನ ಬಾಯಿ ನಳಿಕೆಯ ಅಂಚಿಗೆ ಸಿಕ್ಕಿ ಗುಂಡನ್ನು ಅಮುಕಿ ಒತ್ತಡ ಏರಿಸುತ್ತದೆ. .223, .204, ಹಾರ್ನೆಟ್‌ಗಳಿಗೆ ಸಣ್ಣ ರೈಫಲ್ ಪ್ರೈಮರ್, .22-250 ಮತ್ತು .243ಕ್ಕೆ ದೊಡ್ಡದು. ಎಆರ್ ಮಾದರಿಯ ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ ಸೂಜಿ ಪ್ರತಿ ಸಲವೂ ಪ್ರೈಮರ್‌ಗೆ ಮೆಲ್ಲಗೆ ತಾಗುವುದರಿಂದ ಗಟ್ಟಿ ಬಟ್ಟಲಿನ ಪ್ರೈಮರ್ ಆರಿಸಿ.

ತುಂಬುವ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಗುಂಡು ಕೂರಿಸುವ ಮೊದಲು ಕೇಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಒಳಗಿನ ಮದ್ದಿನ ಮಟ್ಟ ಒಂದೇ ಸಮವಿದೆಯೇ ನೋಡಿ. ಕನ್ನಡಕ ಧರಿಸಿ, ಕೆಲಸ ಮುಗಿದ ಮೇಲೆ ಸೀಸದ ಸೋಂಕು ಹೋಗುವಂತೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಸೀಸದ ಮಾತು ಗುಂಡಿನ ಆಯ್ಕೆಗೂ ಮರಳುತ್ತದೆ. ಪುಡಿಯಾದ ಗುಂಡಿನ ಸೀಸ ಸತ್ತ ಪ್ರಾಣಿಯ ದೇಹದಲ್ಲಿ ಚೂರುಚೂರಾಗಿ ಉಳಿಯುತ್ತದೆ. ಅದನ್ನು ತಿಂದ ಚಿನ್ನದ ಹದ್ದಿಗೂ ಗಿಡುಗಕ್ಕೂ ವಿಷವೇರುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬಂದೂಕಿನಿಂದ ಯಾವ ವನ್ಯಜೀವಿಯನ್ನು ಹೊಡೆಯುವಾಗಲೂ ಸೀಸದ ಗುಂಡನ್ನು ನಿಷೇಧಿಸಿದೆ. ಆದ್ದರಿಂದ ಬೇ ಏರಿಯಾದ ಕನ್ನಡಿಗರು ಅಲ್ಲಿನ ತೋಟಗಳ ನೆಲದಳಿಲಿಗೆ ಸೀಸವಿಲ್ಲದ ಗುಂಡನ್ನೇ ಬಳಸಬೇಕು. ಬಾರ್ನ್ಸ್ ಕಂಪನಿಯ ವಾರ್ಮಿಂಟ್ ಗ್ರೆನೇಡ್ ಅಂಥದೊಂದು. ತಾಮ್ರ ಮತ್ತು ತವರದ ಪುಡಿಯನ್ನು ಒತ್ತಿ ಮಾಡಿದ ತಿರುಳು ಅದರದು. ಸೀಸಕ್ಕಿಂತ ಇವು ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದೇ ಟ್ವಿಸ್ಟ್‌ನಲ್ಲಿ ಸ್ಥಿರವಾಗದೆಯೂ ಹೋಗಬಹುದು. 14 ಇಂಚಿನ ನಳಿಕೆಯವರು ಹಗುರ ತೂಕದ್ದನ್ನೇ ಆರಿಸಬೇಕು. ಕಾನೂನು ಕೇಳದ ರಾಜ್ಯಗಳಲ್ಲೂ ನಾನು ಇವನ್ನೇ ಶಿಫಾರಸು ಮಾಡುತ್ತೇನೆ. ಬೆಲೆ ಹೆಚ್ಚು ಎಂಬುದು ನಿಜ; ದಿನದ ಈಡುಗಳನ್ನು ಕಡಿಮೆ ಮಾಡಿಕೊಂಡರೆ ಆ ವ್ಯತ್ಯಾಸ ಸರಿಹೋಗುತ್ತದೆ.

ಎಲ್ಲ ಪ್ರೇರಿ ಡಾಗ್ ಕಾಲನಿಗಳೂ ಗುರಿಯಲ್ಲ ಎಂಬುದನ್ನೂ ತಿಳಿದಿರಬೇಕು. ಅಳಿದೇ ಹೋಯಿತೆಂದುಕೊಂಡಿದ್ದು 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಬಳಿ ಮತ್ತೆ ಪತ್ತೆಯಾದ ಕಪ್ಪುಕಾಲಿನ ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿ ಬದುಕುವುದು ಈ ಪ್ರಾಣಿಯನ್ನೇ ತಿಂದು. ಅದನ್ನು ಮರಳಿ ಬಿಟ್ಟಿರುವ ಸೌತ್ ಡಕೋಟಾದ ಕೊನಾಟಾ ಜಲಾನಯನದಲ್ಲಿ ಪ್ರೇರಿ ಡಾಗ್ ಹೊಡೆಯುವಂತಿಲ್ಲ. ಯೂಟಾ ರಾಜ್ಯದ ಯೂಟಾ ಪ್ರೇರಿ ಡಾಗ್ ಒಕ್ಕೂಟ ಕಾನೂನಿನ ರಕ್ಷಣೆಯಲ್ಲಿರುವ ಬೇರೆಯೇ ಜಾತಿ. ಅದೇ ಬಿಲಗಳಲ್ಲಿ ಗೂಡು ಮಾಡುವ ಬಿಲಗೂಬೆ ದಿಬ್ಬದ ಮೇಲೆ ನೆಟ್ಟಗೆ ನಿಂತಾಗ, ಬಿಸಿಲ ಝಳದಲ್ಲಿ, 300 ಗಜದಾಚೆಗೆ ಪ್ರೇರಿ ಡಾಗ್‌ನಂತೆಯೇ ಕಾಣುತ್ತದೆ. ಉದ್ದ ಕಾಲು, ಹಳದಿ ಕಣ್ಣು, ತಲೆಯನ್ನು ಮೇಲೆ ಕೆಳಗೆ ಆಡಿಸುವ ರೀತಿ ಇವುಗಳಿಂದ ಗೂಬೆಯನ್ನು ಗುರುತಿಸಬಹುದು. ಗುರುತಾಗುವವರೆಗೆ ಬೆರಳನ್ನು ಬಂದೂಕಿನ ಕುದುರೆಯಿಂದ (ಟ್ರಿಗರ್‌ನಿಂದ) ಹೊರಗಿಟ್ಟುಕೊಂಡು, ದೂರದರ್ಶಕದ ಶಕ್ತಿ ಹೆಚ್ಚಿಸಿ, ಅದು ಅಲುಗುವುದನ್ನು ಕಾಯಬೇಕು.